ಕೊಡಗಿನಲ್ಲಿ ಉಂಡದ್ದು

ಕೊಡಗಿಗೆ ಹೋಗಿಬಂದವರನ್ನು "ಅಲ್ಲಿ ಊಟ ಹೇಗಿತ್ತು?" ಎಂದು ಕೇಳಿ ನೋಡಿ. ಅವರು ಮಂಜಿನ ವಿಷಯ ಹೇಳುತ್ತಾರೆ. ರಾಜಾಸೀಟಿನಲ್ಲಿ ಕಂಡ ಸೂರ್ಯಾಸ್ತ, ಅಬ್ಬಿ ಜಲಪಾತದ ತುಂತುರು, ತಲಕಾವೇರಿಯ ಮೆಟ್ಟಿಲುಗಳು, ಇವೆಲ್ಲವನ್ನೂ ವರ್ಣಿಸುತ್ತಾರೆ. ಪಟ್ಟು ಹಿಡಿದು ಮತ್ತೊಮ್ಮೆ ಊಟದ ಮಾತೆತ್ತಿದರೆ, "ಏನೂ ತೊಂದರೆಯಿಲ್ಲ, ಎಲ್ಲ ಸಿಗುತ್ತದೆ" ಎಂದು ಮುಗಿಸುತ್ತಾರೆ. ಈ 'ಎಲ್ಲ ಸಿಗುತ್ತದೆ' ಎಂಬ ಮಾತೇ ಈ ಲೇಖನಕ್ಕೆ ಪ್ರೇರಣೆ.

ನಮ್ಮಲ್ಲಿ ಕಾದಂಬರಿಗೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಸಂಗೀತ ಕಚೇರಿಗೆ ಉಂಟು. ಊಟಕ್ಕೆ ಮಾತ್ರ ಇಲ್ಲ. ಉಂಡ ಮನೆಯ ಜಂತೆ ಎಣಿಸಬಾರದೆಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಮನೆಯ ಮಟ್ಟಿಗೆ ಆ ಮಾತು ನೂರಕ್ಕೆ ನೂರು ಸರಿ. ಆದರೆ ಹಣ ತೆತ್ತು ಉಂಡ ಹೋಟೆಲಿಗೂ ಅದೇ ದಾಕ್ಷಿಣ್ಯವನ್ನು ತೋರಿಸಬೇಕೆ? ಹಿಂದಿನ ಕನ್ನಡಿಗರಿಗೆ ಈ ಸಂಕೋಚವಿರಲಿಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಹಂದಿಯ ಮಾಂಸವನ್ನು ಹೇಗೆ ಅಣಿಮಾಡಬೇಕೆಂಬುದೂ ಅದರಲ್ಲಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನೇ ಬರೆದ. ರಾಜನೂ ಕವಿಯೂ ಅಡುಗೆಯ ವಿಚಾರವಾಗಿ ಬರೆಯಬಹುದಾದರೆ ಪತ್ರಿಕೆಯ ಲೇಖಕನೂ ನಾಲ್ಕು ಮಾತು ಆಡಬಹುದು.

ಊರಾಚೆಯ ಹೋಟೆಲನ್ನು ಅಳೆಯುವ ಅಳತೆಗೋಲು ಯಾವುದು? ರುಚಿ, ಶುಚಿ, ಬೆಲೆ, ಇವು ಮೂರೂ ಸರಿಯೆ. ಆದರೆ ಇವು ಬೆಂಗಳೂರಿನ ಹೋಟೆಲಿಗೂ ಸಲ್ಲುವ ಅಳತೆಗಳು. ದೂರ ಪ್ರಯಾಣಮಾಡಿ ಹೋದವನು ನಾಲ್ಕನೆಯದೊಂದನ್ನು ಕೇಳಬೇಕು: ಕಣ್ಣು ಮುಚ್ಚಿಕೊಂಡು ಉಂಡರೆ, ತಾನು ಎಲ್ಲಿದ್ದೇನೆಂಬುದು ಅವನಿಗೆ ತಿಳಿಯುತ್ತದೆಯೆ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ಇಂಗ್ಲೆಂಡಿನ ರೇಮಂಡ್ ಪೋಸ್ಟ್‌ಗೇಟ್ ಒಬ್ಬ. ಎರಡನೆಯ ಮಹಾಯುದ್ಧ ಮುಗಿದರೂ ಅಲ್ಲಿ ಪಡಿತರ 1954ರ ವರೆಗೆ ನಡೆದಿತ್ತು. ಹಳ್ಳಿಗಾಡಿನ ತಂಗುಮನೆಗಳ ಊಟ ಅಪಹಾಸ್ಯಕ್ಕೆ ಗುರಿಯಾಗಿತ್ತು. ಅಂಥ ಹೊತ್ತಿನಲ್ಲಿ, 1951ರಲ್ಲಿ, ಅವನು 'ಗುಡ್ ಫುಡ್ ಗೈಡ್' ಎಂಬ ಪುಸ್ತಕವನ್ನು ಹೊರತಂದ. ಅದಕ್ಕೆ ಸಾಮಗ್ರಿ ಒದಗಿಸಿದವರು ಪಂಡಿತರಲ್ಲ. ಊರೂರು ಸುತ್ತಿ, ತಮ್ಮ ಹಣದಲ್ಲಿ ಉಂಡು, ಕಂಡದ್ದನ್ನು ಕಂಡಂತೆ ಬರೆದು ಕಳುಹಿಸಿದ ಸಾಮಾನ್ಯ ಜನ. ಅಡುಗೆಯವನು ತಾನಾಗಿ ತಿದ್ದಿಕೊಳ್ಳುವುದಿಲ್ಲ, ಉಣ್ಣುವವನು ಬಾಯಿ ಬಿಡಬೇಕು ಎಂಬುದು ಆ ಪುಸ್ತಕದ ಹಿಂದಿದ್ದ ನಂಬಿಕೆ. ಆ ನಂಬಿಕೆಯನ್ನು ಜೇಬಿನಲ್ಲಿಟ್ಟುಕೊಂಡು, ಕೈಲುಮುಹೂರ್ತದ ಹಬ್ಬ ಕಳೆದ ಮರುವಾರ, ಸೆಪ್ಟೆಂಬರಿನ ಜಡಿಮಳೆಯಲ್ಲಿ ನಾನು ಕೊಡಗಿಗೆ ಹೋದೆ.

ಮೊದಲ ಊಟ ಮಡಿಕೇರಿಯಲ್ಲಿ. ಹೋಟೆಲಿನ ಹೆಸರು ಬೇಡ, ಅಂಥವು ಹತ್ತಾರಿವೆ. ಮೇಜಿನ ಮೇಲೆ ಇಟ್ಟ ತಿಂಡಿಗಳ ಪಟ್ಟಿ ಒಂದು ಸಣ್ಣ ಪುಸ್ತಕದಷ್ಟು ದಪ್ಪವಿತ್ತು. ಗೋಬಿ ಮಂಚೂರಿಯಿಂದ ಹಿಡಿದು ಪನ್ನೀರ್ ಬಟರ್ ಮಸಾಲೆಯ ವರೆಗೆ, ಚೀನಾದಿಂದ ಪಂಜಾಬಿನ ವರೆಗೆ, ಎಲ್ಲವೂ ಅದರಲ್ಲಿತ್ತು. ಕೊನೆಯ ಪುಟದ ಕೆಳಗೆ 'ಕೂರ್ಗ್ ಸ್ಪೆಷಲ್' ಎಂಬ ಶೀರ್ಷಿಕೆಯಲ್ಲಿ ನಾಲ್ಕೇ ನಾಲ್ಕು ಹೆಸರು. ತಮ್ಮ ಊರಿನಲ್ಲಿಯೇ ಕೊಡಗಿನ ಅಡುಗೆ 'ಸ್ಪೆಷಲ್' ಆಗಿ ಮೂಲೆ ಸೇರಿತ್ತು.

"ಕಡಂಬುಟ್ಟು ಇದೆಯೇನಪ್ಪ?" ಎಂದು ಕೇಳಿದೆ.

"ಖಾಲಿ ಸಾರ್. ಪರೋಟ ಇದೆ, ತರಲಾ?"

ಗಂಟೆ ಹನ್ನೆರಡೂವರೆ. ಅಷ್ಟು ಹೊತ್ತಿಗೆ ಖಾಲಿಯಾಗಿತ್ತೋ, ಬೆಳಿಗ್ಗೆ ಮಾಡಿಯೇ ಇರಲಿಲ್ಲವೋ, ನಾನು ವಿಚಾರಿಸಲಿಲ್ಲ. ಪಂದಿ ಕರಿ ಬಂದಿತು. ಅದರ ಮೈಬಣ್ಣ ಕೆಂಪು. ಗೊಜ್ಜು ಈರುಳ್ಳಿ ತೆಂಗಿನಕಾಯಿಗಳಿಂದ ಮಂದವಾಗಿತ್ತು. ಹುಳಿ ಇದ್ದಿತು, ಆದರೆ ನಾಲಗೆಯ ತುದಿಯನ್ನು ಮಾತ್ರ ಕುಟುಕಿ ಹೋಗುವ ವಿನಿಗರಿನ ಹುಳಿ. ಕೆಟ್ಟ ಅಡುಗೆ ಎನ್ನಲಾರೆ. ಇದೇ ಗೊಜ್ಜಿನಲ್ಲಿ ಕೋಳಿಯನ್ನು ಹಾಕಿ ಹಾಸನದಲ್ಲಿ ಬಡಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನನ್ನ ಆಕ್ಷೇಪಣೆ ಅದೇ. ಕಣ್ಣು ಮುಚ್ಚಿದರೆ ನಾನು ಎಲ್ಲಿ ಬೇಕಾದರೂ ಇರಬಹುದಾಗಿತ್ತು.

ಪಂದಿ ಕರಿಯ ನಿಜವಾದ ವ್ಯಾಕರಣ ಬಹಳ ಸರಳವಾದದ್ದು, ಆದ್ದರಿಂದಲೇ ಕಠಿಣವಾದದ್ದು. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆಗಳನ್ನು ಕಪ್ಪಾಗುವಷ್ಟು ಹುರಿಯಬೇಕು. ಕ್ಷಣ ತಪ್ಪಿದರೆ ಸೀದು ಕಹಿಯಾಗುತ್ತದೆ. ಮಾಂಸ ತನ್ನ ಕೊಬ್ಬಿನಲ್ಲಿಯೇ ನಿಧಾನವಾಗಿ ಬೇಯಬೇಕು. ಕೊನೆಯಲ್ಲಿ ಕಾಚಂಪುಳಿ ಬೀಳಬೇಕು. ಉಪ್ಪಾಗೆಯ ಜಾತಿಯ ಹಣ್ಣು ಮಳೆಗಾಲದಲ್ಲಿ ಮಾಗಿ ಉದುರುತ್ತದೆ. ಅದನ್ನು ಆಯ್ದು ಬುಟ್ಟಿಯಲ್ಲಿ ಪೇರಿಸಿ, ತಾನಾಗಿ ಇಳಿಯುವ ರಸವನ್ನು ಹಿಡಿದು, ಕಪ್ಪಗೆ ಮಂದವಾಗುವ ತನಕ ಕಾಯಿಸಿದರೆ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಪಾತ್ರೆ ಕರಿಗೆ ಒಂದೆರಡು ಚಮಚ ಸಾಕು. ಕೊಬ್ಬಿನ ಜಿಡ್ಡನ್ನು ಕತ್ತರಿಸಿ, ಮಸಾಲೆಯ ಕಪ್ಪಿಗೆ ತನ್ನ ಕಪ್ಪನ್ನೂ ಸೇರಿಸಿ, ಹೊಗೆಯ ನೆನಪಿರುವ ಒಂದು ಹುಳಿಯನ್ನು ಬಿಟ್ಟುಹೋಗುತ್ತದೆ. ವಿನಿಗರಾಗಲಿ ಹುಣಸೆಯಾಗಲಿ ಮಾಡಲಾರದ ಕೆಲಸ ಇದು. ಇಷ್ಟು ಶ್ರಮದ ವಸ್ತುವಿಗೆ ಬೆಲೆ ಹೆಚ್ಚು, ನಿಜ. ದಿನಕ್ಕೆ ನೂರಾರು ಮಂದಿಗೆ ಬಡಿಸುವ ಹೋಟೆಲಿನವರು ಅಗ್ಗದ ಸೀಸೆಗೆ ಕೈಹಾಕುವುದೂ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಅದಕ್ಕೆ ಪಂದಿ ಕರಿ ಎಂಬ ಹೆಸರನ್ನು ಕೊಟ್ಟು ಸುಮ್ಮನಿರಬೇಕೆಂದಿಲ್ಲ.

ಹೀಗೇಕಾಯಿತು? ಹೋಟೆಲಿನ ಯಜಮಾನರನ್ನು ಬೈದು ಮುಗಿಸುವ ಮುನ್ನ ಕೊಡಗಿನ ಚರಿತ್ರೆಯತ್ತ ಒಂದಿಷ್ಟು ನೋಡಬೇಕು. ಕೊಡಗಿನ ಅಡುಗೆ ಮನೆಯಲ್ಲಿ ಹುಟ್ಟಿ ಮನೆಯಲ್ಲಿಯೇ ಬೆಳೆದದ್ದು. ಒಕ್ಕದ ಹಿರಿಮನೆಯಾದ ಐನ್‌ಮನೆ ಅದರ ತವರು. ಹಬ್ಬಗಳು ಅದರ ಪಂಚಾಂಗ. ಕಕ್ಕಡದ ಮಳೆಯಲ್ಲಿ ಮದ್ದು ಸೊಪ್ಪಿನ ಪಾಯಸ, ಕೈಲುಮುಹೂರ್ತಕ್ಕೆ ಕಡಂಬುಟ್ಟು ಪಂದಿ ಕರಿ, ಹುತ್ತರಿಗೆ ತಂಬುಟ್ಟು. ಪಂಜೆ ಮಂಗೇಶರಾಯರ ಹುತ್ತರಿಯ ಹಾಡನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮ್ಮಲ್ಲಿ ಎಷ್ಟು ಮಂದಿ ಹುತ್ತರಿಯ ತಂಬುಟ್ಟನ್ನು ಬಾಯಿಗೆ ಹಾಕಿಕೊಂಡಿದ್ದೇವೆ? ಆ ಮನೆಗಳಿಗೆ ಬಂದವನು ನೆಂಟನಾಗಿ ಬಂದ, ನೆಂಟನಾಗಿ ಉಂಡ. ಬಿಲ್ಲಿನ ಪ್ರಶ್ನೆಯೇ ಏಳಲಿಲ್ಲ.

ಹಣ ಕೊಟ್ಟು ಉಣ್ಣುವ ಏರ್ಪಾಡು ಹೊರಗಿನಿಂದ ಬಂದಿತು. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ ಮೇಲೆ ಪ್ರವಾಸಿ ಬಂಗಲೆ ಬಂದಿತು. ಅಲ್ಲಿ ದೊರೆಗಳ ರುಚಿಗೆ ತಕ್ಕ ಅಡುಗೆ. ಕಾಫಿ ತೋಟಗಳ ಬಿಳಿಯರು ತಮ್ಮ ಕ್ಲಬ್ಬುಗಳನ್ನು ಕಟ್ಟಿಕೊಂಡರು. ಪೇಟೆಗಳಲ್ಲಿ ಉಡುಪಿಯವರು ಇಡ್ಲಿ ದೋಸೆ ತಂದರು. ವಿರಾಜಪೇಟೆಯ ಕಡೆ ಮಾಪಿಳ್ಳೆಗಳು ಪರೋಟ ಬಿರಿಯಾನಿಗಳನ್ನು ತಂದರು. ಇವರೆಲ್ಲರೂ ತಮ್ಮ ತಮ್ಮ ಅಡುಗೆಯನ್ನು ಪ್ರಾಮಾಣಿಕವಾಗಿ ಮಾಡಿದರು, ಇಂದೂ ಮಾಡುತ್ತಿದ್ದಾರೆ. ವಿರಾಜಪೇಟೆಯಲ್ಲಿ ಒಂದು ಸಂಜೆ ತಿಂದ ಪರೋಟದ ಪದರುಗಳನ್ನು ನಾನು ಇನ್ನೂ ಮರೆತಿಲ್ಲ. ಒಟ್ಟಿನಲ್ಲಿ, ಕೊಡಗಿನಲ್ಲಿ ಹೋಟೆಲು ಇತ್ತು, ಹೋಟೆಲಿನಲ್ಲಿ ಕೊಡಗು ಇರಲಿಲ್ಲ. ಪ್ರವಾಸಿಗರ ದಂಡು ಬಂದು "ನಿಮ್ಮ ಊಟ ಎಲ್ಲಿ?" ಎಂದಾಗ ಅದಕ್ಕೆ ಆತುರದಲ್ಲಿ ಸೇರಿಸಿದ್ದು ಆ ಕೊನೆಯ ಪುಟದ ನಾಲ್ಕು ಸಾಲು.

ಆದರೂ ಅಪವಾದಗಳುಂಟು. ಗೋಣಿಕೊಪ್ಪಲಿನಲ್ಲಿ ಸಂತೆಗೆ ಬಂದವರು, ಲಾರಿಯವರು, ಸಣ್ಣ ತೋಟಗಳವರು ಉಣ್ಣುವ ಒಂದು ಮೆಸ್ಸಿಗೆ ಹೋದೆ. ಆರು ಮೇಜು, ಗೋಡೆಗೆ ತಗಡಿನ ತೊಟ್ಟಿ. ಪಟ್ಟಿಯೇ ಇಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದವರು, "ಪಂದಿ ಉಂಟು, ಕೋಳಿ ಉಂಟು. ಕಡಂಬುಟ್ಟು ಇನ್ನು ಎಂಟೋ ಹತ್ತೋ ಉಳಿದಿರಬೇಕು, ಬೇಗ ಕೂತುಕೊಳ್ಳಿ" ಎಂದರು. ಬಂದ ಕರಿ ಕಪ್ಪಗಿತ್ತು. ಕಾಚಂಪುಳಿ ತನ್ನ ಕೆಲಸ ಮಾಡಿತ್ತು. ಅಕ್ಕಿತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಟ್ಟ ಕಡಂಬುಟ್ಟು ಬಿಸಿಯಾಗಿ, ಒತ್ತಿದರೆ ಬೆರಳಿಗೆ ಅಂಟದಂತೆ ಇತ್ತು. ಅದಕ್ಕೆ ತನ್ನದೆಂಬ ರುಚಿ ಕಡಮೆ. ಗೊಜ್ಜನ್ನು ಹೀರಿಕೊಂಡು ಅದರ ಆರ್ಭಟವನ್ನು ತಗ್ಗಿಸುವುದೇ ಅದರ ಧರ್ಮ, ಮುದ್ದೆಗೆ ಇದ್ದ ಹಾಗೆ. ನನ್ನ ಹಿಂದೆ ಬಂದ ಕಾರಿನವರು ಪಟ್ಟಿ ಕೇಳಿ, ಇಲ್ಲವೆಂದು ತಿಳಿದು, ಫ್ರೈಡ್ ರೈಸ್ ವಿಚಾರಿಸಿ, ಹೊರಟುಹೋದರು. ಯಜಮಾನರು ಬೇಸರಪಟ್ಟುಕೊಳ್ಳಲಿಲ್ಲ. ಅವರ ಗಿರಾಕಿಗಳು ಬೇರೆ. ಇದನ್ನು ಗಮನಿಸಬೇಕು: ಆ ಮೆಸ್ಸಿನ ಅಡುಗೆ ಚೆನ್ನಾಗಿ ಉಳಿದದ್ದು ನಮ್ಮಂಥ ಪ್ರವಾಸಿಗರಿಂದಲ್ಲ, ತಪ್ಪಾದರೆ ಮುಖಕ್ಕೆ ಹೇಳಬಲ್ಲ ಊರಿನವರಿಂದ.

ಮಾಂಸ ಮುಟ್ಟದ ವಾಚಕರು ಇಲ್ಲಿಗೆ ಪತ್ರಿಕೆಯನ್ನು ಮಡಿಸಿಡಬೇಕಾಗಿಲ್ಲ. ಕೊಡಗಿನ ಅಡುಗೆ ಎಂದರೆ ಹಂದಿ ಎಂಬುದು ನಾವು ಕಟ್ಟಿದ ಕಥೆ. ಅಕ್ಕಿಯೇ ಆ ಅಡುಗೆಯ ಬೆನ್ನೆಲುಬು. ಅನ್ನ ಹಿಟ್ಟುಗಳನ್ನು ಸೇರಿಸಿ ನಾದಿ ಸುಟ್ಟ ಅಕ್ಕಿಒಟ್ಟಿ, ಎಳ್ಳಿನ ಪಜ್ಜಿ, ಹಾಲು ತೆಂಗಿನಕಾಯಿಯ ಪಾಪುಟ್ಟು, ಎಳೆಎಳೆಯಾದ ನೂಪುಟ್ಟು, ಮಳೆಗಾಲದ ಬೈಂಬಳೆ, ಎಂದರೆ ಎಳೆಬಿದಿರಿನ ಕಳಲೆ, ಕುಮ್ಮು ಎಂಬ ಕಾಡಣಬೆ, ಕಾಡುಮಾವಿನ ಹುಳಿಸಿಹಿ ಕರಿ, ಹಲಸಿನ ಬೀಜದ ಪಲ್ಯ. ಇವುಗಳಲ್ಲಿ ಒಂದಾದರೂ ಸಸ್ಯಾಹಾರಿ ಹೋಟೆಲುಗಳಲ್ಲಿ ಸಿಕ್ಕೀತೆಂದು ನಾನು ಮೂರು ಕಡೆ ಕೇಳಿದೆ. ಮೂರು ಕಡೆಯೂ ಪನ್ನೀರು ಸಿಕ್ಕಿತು.

ಇನ್ನು ಕಾಫಿ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೊಡಗಿನದು. 2019ರಲ್ಲಿ ಕೊಡಗಿನ ಅರೇಬಿಕಾ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹಾಗಿದ್ದೂ, ತೋಟದ ನಡುವೆಯೇ ಕಟ್ಟಿದ ಒಂದು ದುಬಾರಿ ವಿಹಾರಧಾಮದ ಜಗಲಿಯಲ್ಲಿ ಕುಳಿತು, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕಾಯಿ ತುಂಬಿದ ಗಿಡಗಳನ್ನು ನೋಡುತ್ತ, ನಾನು ಕುಡಿದದ್ದು ಕಾಗದದ ಪೊಟ್ಟಣದಿಂದ ಸುರಿದು ಬಿಸಿನೀರಿನಲ್ಲಿ ಕದಡಿದ ಪುಡಿಯನ್ನು. ಇದಕ್ಕೂ ಒಂದು ಚರಿತ್ರೆಯಿದೆ. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರ ತನ್ನ ಬೆಳೆಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಈ ಕಟ್ಟು ಪೂರ್ಣವಾಗಿ ಸಡಿಲಿದ್ದು 1990ರ ದಶಕದ ನಡುವಿನಲ್ಲಿ. ಎರಡು ತಲೆಮಾರು ಕಾಫಿ ಎಂದರೆ ಮೂಟೆ ಕಟ್ಟಿ ಕಳುಹಿಸುವ ವಸ್ತುವಾಯಿತು. ಹುರಿಯುವುದು, ಪುಡಿಮಾಡುವುದು ಬೇರೆ ಊರಿನವರ ಕೆಲಸವಾಯಿತು. ಆದರೆ ಆ ಕಾಲದಲ್ಲಿಯೂ ಮನೆಯ ಒಲೆಯ ಮೇಲೆ ಬೆಲ್ಲದ ಕರಿಕಾಫಿ ಕುದಿಯುತ್ತಲೇ ಇತ್ತು. ಕೂಲಿಯವರೂ ಯಜಮಾನರೂ ಕುಡಿದದ್ದು ಅದನ್ನೇ. ಇಂದು ಕಟ್ಟೂ ಇಲ್ಲ, ಪೂಲೂ ಇಲ್ಲ. ಪೊಟ್ಟಣಕ್ಕೆ ಯಾವ ನೆಪವೂ ಉಳಿದಿಲ್ಲ. ಈಚೆಗೆ ಕೆಲವು ತೋಟದವರು ತಮ್ಮ ಬೀಜವನ್ನು ತಾವೇ ಹುರಿದು ಬಂದವರಿಗೆ ಕೊಡಲು ತೊಡಗಿದ್ದಾರೆ. ಅವರ ಸಂಖ್ಯೆ ಹೆಚ್ಚಲಿ.

ಕೊನೆಯ ಎರಡು ದಿನ ಕಕ್ಕಬ್ಬೆಯ ಕಡೆ, ತಡಿಯಂಡಮೋಳ್ ಬೆಟ್ಟ ಕಾಣುವ ಒಂದು ಮನೆಯಲ್ಲಿ ಇಳಿದುಕೊಂಡೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ ಕೊಡಗಿನ ಎಷ್ಟೋ ಮನೆಗಳು ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ತೆರೆದುವು. ಹೋಂಸ್ಟೇ ಎಂಬ ಹೆಸರು ಅಂದಿನಿಂದ ಮನೆಮಾತಾಯಿತು. ನೆಂಟಸ್ತಿಕೆಗೆ ಬಿಲ್ಲು ಬಂದದ್ದು ಇಲ್ಲಿ. ನಾನು ಅದನ್ನು ಹೀಗಳೆಯುವವನಲ್ಲ. ಮನೆಯ ಅಡುಗೆ ಹೊರಗಿನವನ ಎಲೆಗೆ ಬರಬೇಕಾದರೆ ಇದಕ್ಕಿಂತ ಗೌರವದ ದಾರಿ ಕಾಣೆ.

ಮನೆಯೊಡತಿ ಅರವತ್ತು ದಾಟಿದವರು. "ರಾತ್ರಿಗೆ ಏನು ಮಾಡಲಿ? ಆಚೆ ಕೋಣೆಯವರಿಗೆ ಪನ್ನೀರು, ಜೀರಾ ರೈಸು ಹೇಳಿದ್ದಾರೆ. ನಿಮಗೂ ಅದೇ ಆಗಬಹುದೇ?" ಎಂದು ಕೇಳಿದರು.

"ನೀವು ಮನೆಯವರು ಏನು ಊಟ ಮಾಡುತ್ತೀರಿ, ಅಮ್ಮಾ?"

ಅವರು ತುಸು ತಡೆದರು. "ನಮಗೆ ಬೈಂಬಳೆ ಉಂಟು, ಕುಮ್ಮು ಸಿಕ್ಕಿದೆ. ನಿಮ್ಮ ಕಡೆಯವರಿಗೆ ಅದೆಲ್ಲ ಸೇರುವುದಿಲ್ಲವಲ್ಲ?"

ಸೇರುತ್ತದೆಂದು ಒಪ್ಪಿಸುವುದಕ್ಕೆ ನಾನು ಸ್ವಲ್ಪ ಹೆಚ್ಚಾಗಿಯೇ ಮಾತಾಡಬೇಕಾಯಿತು. ಆ ರಾತ್ರಿ ಉಂಡ ಊಟವನ್ನು ಈ ಲೇಖನದ ಅಳತೆಗೋಲಿಗೆ ಹಿಡಿಯುವ ಅಗತ್ಯವಿಲ್ಲ. ಕುಮ್ಮಿನ ಮಣ್ಣಿನ ವಾಸನೆ, ಕಳಲೆಯ ತೆಳುವಾದ ಕಹಿ, ಕೆಂಡದ ಗುರುತಿದ್ದ ಅಕ್ಕಿಒಟ್ಟಿ, ಕೊನೆಗೊಂದು ಚಮಚ ಜೇನು. ಕಣ್ಣು ಮುಚ್ಚಿದರೂ ಅದು ಕಕ್ಕಬ್ಬೆಯೇ. ಆಚೆಯ ಮೇಜಿನಲ್ಲಿ ಪನ್ನೀರು ಉಣ್ಣುತ್ತಿದ್ದ ದಂಪತಿಗಳು ನಮ್ಮ ಎಲೆಯ ಕಡೆ ಎರಡು ಸಲ ನೋಡಿದರು. ಅವರು ಕೇಳಿದ್ದರೆ ಅವರಿಗೂ ಬಡಿಸುತ್ತಿದ್ದರು. ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಕಡಂಬುಟ್ಟು. ಅದನ್ನು ಹೊಗಳಿದಾಗ ಆಕೆ ಹೇಳಿದ ಮಾತು ನನ್ನ ಜತೆ ಬೆಂಗಳೂರಿಗೆ ಬಂದಿದೆ. "ತರಿ ಅಂಗಡಿಯದು. ನಮ್ಮದೇ ಸಣ್ಣಕ್ಕಿಯ ತರಿಯಾಗಿದ್ದರೆ ನೀವು ಹೀಗೆ ಹೇಳುತ್ತಿರಲಿಲ್ಲ. ಗದ್ದೆ ಮಾಡಿ ಎಂಟು ವರ್ಷವಾಯಿತು." ಕಿಟಕಿಯಿಂದ ಕೈತೋರಿಸಿದರು. ಎರಡು ದಿಬ್ಬಗಳ ನಡುವಿನ ಕಣಿವೆಯಲ್ಲಿ ಅಂಚುಅಂಚಾಗಿ ಇಳಿದ ಗದ್ದೆಗಳು, ಅವುಗಳ ತುಂಬ ಆಳೆತ್ತರದ ಹುಲ್ಲು. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಗಿಟ್ಟುವುದಿಲ್ಲ, ಗಿಟ್ಟಿ ಬೆಳೆದದ್ದು ಆನೆಗೆ. ಕೊಡಗಿನ ಉದ್ದಕ್ಕೂ ಇದೇ ಕಥೆ. ಕೆಲವು ಗದ್ದೆಗಳು ಪಾಳು ಬಿದ್ದಿವೆ, ಕೆಲವಕ್ಕೆ ಶುಂಠಿ ಬಂದಿದೆ, ಕೆಲವನ್ನು ತುಂಬಿಸಿ ನಮ್ಮಂಥವರು ಇಳಿದುಕೊಳ್ಳಲು ಕಟ್ಟಡ ಎಬ್ಬಿಸಿದ್ದಾರೆ.

ಊಟದ ವಿಮರ್ಶೆ ಇಲ್ಲಿಗೆ ಬಂದು ನಿಲ್ಲುತ್ತದೆಂದು ನಾನು ಹೊರಟಾಗ ಎಣಿಸಿರಲಿಲ್ಲ. ಕಡಂಬುಟ್ಟಿಗೆ ತರಿ ಬೇಕು, ತರಿಗೆ ಸಣ್ಣಕ್ಕಿ ಬೇಕು, ಸಣ್ಣಕ್ಕಿಗೆ ಗದ್ದೆ ಬೇಕು. ಮುಂಗಾರಿನ ಮಳೆಯನ್ನು ಕಣಿವೆಯಲ್ಲಿ ನಿಲ್ಲಿಸಿ, ನೆಲಕ್ಕೆ ಇಂಗಿಸಿ, ತೊರೆಗಳಿಗೆ ಮೆಲ್ಲಮೆಲ್ಲನೆ ಬಿಡುವುದು ಅದೇ ಗದ್ದೆ. ಆ ತೊರೆಗಳು ಕೂಡಿಕೊಂಡೇ ಕಾವೇರಿ. ಬೆಂಗಳೂರಿನ ನಲ್ಲಿಗಳಿಗೆ 1974ರಿಂದ ಬರುತ್ತಿರುವುದು ಆ ಕಾವೇರಿಯ ನೀರು. ಕೊಡಗಿನ ಗದ್ದೆಯ ಸಮಾಚಾರ ನಮ್ಮ ಅಡುಗೆಮನೆಯ ಸಮಾಚಾರವೂ ಹೌದು.

ಒಂದು ಆಕ್ಷೇಪಣೆ ಬರಬಹುದು. ಪ್ರವಾಸಿಗ ಒಂದು ಹೊತ್ತು ಕಡಂಬುಟ್ಟು ತಿಂದ ಮಾತ್ರಕ್ಕೆ ಗದ್ದೆ ಉಳಿದೀತೆ? ಉಳಿಯಲಾರದು. ಆಳಿನ ಕೊರತೆಯಾಗಲಿ ಆನೆಯ ಹಾವಳಿಯಾಗಲಿ ಊಟದ ಎಲೆಯಿಂದ ಬಗೆಹರಿಯುವ ಸಂಗತಿಗಳಲ್ಲ. ಆದರೆ ಸಣ್ಣಕ್ಕಿಗೂ ಕಾಚಂಪುಳಿಗೂ ತಕ್ಕ ಬೆಲೆ ಕೊಟ್ಟು ಕೇಳುವವರಿದ್ದರೆ, ಬೆಳೆಯುವವನ ಕೈಗೆ ಒಂದು ಕಾರಣವಾದರೂ ಸಿಗುತ್ತದೆ. ಕೇಳುವವರೇ ಇಲ್ಲದಿದ್ದರೆ ಅದೂ ಇಲ್ಲ.

ಆದ್ದರಿಂದ ತೀರ್ಪನ್ನು ಹೇಳುವುದಾದರೆ: ಕೊಡಗಿನ ಹೋಟೆಲುಗಳ ಊಟ ಸಾಧಾರಣ, ವಿಹಾರಧಾಮಗಳದು ದುಬಾರಿ ಸಾಧಾರಣ, ಸಣ್ಣ ಮೆಸ್ಸುಗಳದು ಉತ್ತಮ, ಮನೆಗಳದು ಅತ್ಯುತ್ತಮ, ಕೇಳುವ ಬಾಯಿ ಇದ್ದರೆ. ಹೋಟೆಲಿನ ಪಟ್ಟಿಯನ್ನು ಬರೆದವರು ಹೋಟೆಲಿನವರಲ್ಲ, ನಾವು. ಮನೆಯಲ್ಲಿ ದಿನವೂ ತಿನ್ನುವುದನ್ನು ಇನ್ನೂರೈವತ್ತು ಕಿಲೋಮೀಟರು ದೂರ ಹೋಗಿಯೂ ಕೇಳಿದೆವು; ಅವರು ಕೊಟ್ಟರು. ಕಡಂಬುಟ್ಟು ಇಲ್ಲವೆಂದಾಗ ಪರೋಟಕ್ಕೆ ತಲೆಯಾಡಿಸಿದೆವು. ಮರುದಿನವೂ ಅವರು ಮಾಡಲಿಲ್ಲ. ಪೋಸ್ಟ್‌ಗೇಟ್‌ನ ಓದುಗರಂತೆ ನಾವೂ ಬಾಯಿ ಬಿಡಬೇಕು, ಜಗಳಕ್ಕಲ್ಲ, ವಿಚಾರಿಸುವುದಕ್ಕೆ. ಇದಕ್ಕೆ ಯಾವ ಹುಳಿ ಹಾಕಿದ್ದೀರಿ? ಈ ಅಕ್ಕಿ ಎಲ್ಲಿಯದು? ಈ ಕಾಫಿ ಯಾವ ತೋಟದ್ದು? ನೀವು ಮನೆಯಲ್ಲಿ ಏನು ಉಣ್ಣುತ್ತೀರಿ? ಈ ನಾಲ್ಕು ಪ್ರಶ್ನೆಗಳಿಗೆ ಕಾಸು ಖರ್ಚಿಲ್ಲ.

ಹಿಂದಿರುಗಿದ ಮೇಲೆ ಗೆಳೆಯರು ಕೇಳಿದರು: "ಕೊಡಗಿನಲ್ಲಿ ಊಟ ಹೇಗಿತ್ತು?"

"ಎಲ್ಲ ಸಿಗಲಿಲ್ಲ. ಸಿಕ್ಕಿದ್ದು ಕೊಡಗಿನದೇ, ಅಕ್ಕಿಯೊಂದನ್ನು ಬಿಟ್ಟು" ಎಂದೆ.